ಅನುನಾದ: ಆವೃತ್ತಿ ಕೂಡಿದರೆ ಸಾಲದು, ಜಾಗವೂ ಕೂಡಬೇಕು

ಪಿಯುಸಿ ಭೌತಶಾಸ್ತ್ರದ ನೋಟ್ಸಿನಲ್ಲಿ ಅನುನಾದಕ್ಕೆ ಒಂದು ಸಾಲಿನ ವ್ಯಾಖ್ಯೆ ಇರುತ್ತದೆ: ಹೊರಗಿನ ಬಲದ ಆವೃತ್ತಿ (ಸೆಕೆಂಡಿಗೆ ಎಷ್ಟು ಬಾರಿ ಆಡುತ್ತದೆ ಎಂಬ ಲೆಕ್ಕ) ವಸ್ತುವಿನ ಸಹಜ ಆವೃತ್ತಿಗೆ ಸಮನಾದಾಗ ಕಂಪನ ಬಲವಾಗುತ್ತದೆ. ಸಾಲು ಸರಿಯೇ. ಆದರೆ ಅದನ್ನಷ್ಟೇ ನಂಬಿ ತಂತಿಗೋ ಕೊಳವೆಗೋ ಕೈಹಾಕಿದವರಿಗೆ ಬೇಗನೆ ತೊಡಕು ಎದುರಾಗುತ್ತದೆ. ಆವೃತ್ತಿ ಕರಾರುವಾಕ್ಕಾಗಿದ್ದರೂ ಕೆಲವೊಮ್ಮೆ ತಂತಿ ಮಿಸುಕುವುದೇ ಇಲ್ಲ. ಒಂದೆರಡು ಇಂಚು ಪಕ್ಕಕ್ಕೆ ಸರಿದು ಅದೇ ಬಲ ಕೊಟ್ಟರೆ ಹಾಡತೊಡಗುತ್ತದೆ. ಈ ವ್ಯತ್ಯಾಸವನ್ನು ತೀರ್ಮಾನಿಸುವುದು ಅಲೆಯ ನಿಸ್ಪಂದ ಬಿಂದುಗಳು, ಅಂದರೆ ಉಳಿದ ಭಾಗವೆಲ್ಲ ಅಲುಗಾಡುತ್ತಿದ್ದರೂ ತಾವು ಮಾತ್ರ ಕದಲದೆ ನಿಲ್ಲುವ ಜಾಗಗಳು.

ತಂತಿಯಿಂದಲೇ ಶುರುಮಾಡೋಣ. ಒಂದು ಮನೆ ಶ್ರುತಿಯ, ಅಂದರೆ ಕೀಬೋರ್ಡಿನ ಸಿ ಸ್ವರಕ್ಕೆ ಕೂಡಿಸಿದ, ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಸುಮಾರು 65.4 ಹರ್ಟ್ಸ್‌ಗೆ ಕೂಡಿರುತ್ತದೆ. ಮಿಡಿಯುವ ಭಾಗದ ಉದ್ದ 90 ಸೆಂ.ಮೀ. ಎಂದಿಟ್ಟುಕೊಳ್ಳಿ. ಮೀಟಿದೊಡನೆ ಆ ಜಾಗದಿಂದ ಅಲೆ ಎರಡೂ ಕಡೆಗೆ ಓಡುತ್ತದೆ, ತುದಿಗೆ ಬಡಿದು ತಲೆಕೆಳಗಾಗಿ ಮರಳುತ್ತದೆ. ಒಂದು ಸುತ್ತು ಹೋಗಿ ಬರಲು 180 ಸೆಂ.ಮೀ. ದಾರಿ. ಅಲೆ ಸೆಕೆಂಡಿಗೆ ಸುಮಾರು 118 ಮೀಟರ್ ವೇಗದಲ್ಲಿ ಓಡುವುದರಿಂದ ಈ ಸುತ್ತಿಗೆ ತಗಲುವ ಕಾಲ 15.3 ಮಿಲಿಸೆಕೆಂಡು. ಯಾವ ಕಂಪನ ಈ ಅವಧಿಯಲ್ಲಿ ಒಂದು, ಎರಡು, ಮೂರು ಹೀಗೆ ಪೂರ್ಣ ಸಂಖ್ಯೆಯ ಆವರ್ತಗಳನ್ನು ಮುಗಿಸುತ್ತದೋ, ಅದರ ಮರಳಿ ಬಂದ ಅಲೆ ಹೊಸ ಅಲೆಯ ಜೊತೆ ಹೆಜ್ಜೆ ಕೂಡಿಸುತ್ತದೆ. ಉಳಿದವು ಒಂದನ್ನೊಂದು ಅಳಿಸಿಕೊಂಡು ಸಾಯುತ್ತವೆ. ಹೀಗೆ ಬದುಕುಳಿದವೇ ಹಾರ್ಮೋನಿಕ್‌ಗಳು: 65.4, 130.8, 196.2, 261.6, 327, 392.4 ಹರ್ಟ್ಸ್, ಹೀಗೆ ಮೇಲಕ್ಕೆ.

ಎದುರುಬದುರಾಗಿ ಓಡುವ ಎರಡು ಸಮಾನ ಅಲೆಗಳು ಸೇರಿದಾಗ ಕಣ್ಣಿಗೆ ಕಾಣುವುದು ನಿಂತ ಅಲೆ. ಎರಡನೆಯ ಹಾರ್ಮೋನಿಕ್ ತಂತಿಯನ್ನು ಎರಡು ತುಂಡಾಗಿ ಮಿಡಿಸುತ್ತದೆ, 45 ಸೆಂ.ಮೀ. ಬಳಿ ತಂತಿ ನಿಶ್ಚಲ. ಮೂರನೆಯದಕ್ಕೆ ನಿಸ್ಪಂದಗಳು 30 ಮತ್ತು 60ರಲ್ಲಿ, ಐದನೆಯದಕ್ಕೆ 18, 36, 54, 72ರಲ್ಲಿ. ಎರಡು ನಿಸ್ಪಂದಗಳ ನಟ್ಟನಡುವೆ ಗರಿಷ್ಠವಾಗಿ ಅಲುಗುವ ಜಾಗ ಪ್ರಸ್ಪಂದ. ಇವೆಲ್ಲ ಒಂದಾದ ಮೇಲೊಂದು ಬರುವುದಿಲ್ಲ, ಒಂದೇ ತಂತಿಯ ಮೇಲೆ ಏಕಕಾಲದಲ್ಲಿ ಇರುತ್ತವೆ. ಮಂದ್ರದ ತಂತಿಯನ್ನು ಮೀಟಿ ಗಮನವಿಟ್ಟು ಕೇಳಿದರೆ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದೆ, ಸಂಗೀತದವರು ಸ್ವಯಂಭೂ ಗಾಂಧಾರ ಎನ್ನುವುದು ಇದನ್ನೇ. ಅದು 327 ಹರ್ಟ್ಸ್‌ನ ಐದನೆಯ ಹಾರ್ಮೋನಿಕ್. ಕೀಬೋರ್ಡಿನ ಅದೇ ಸ್ವರ 329.6ಕ್ಕೆ ಕೂಡಿರುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡು ಮೂರು ಬಾರಿ ನಾದ ಏರಿಳಿಯುವುದು ಕೇಳಿಸುತ್ತದೆ. ಏಳನೆಯ ಹಾರ್ಮೋನಿಕ್ ಮಾತ್ರ ನಮ್ಮ ಯಾವ ಸ್ವರಸ್ಥಾನಕ್ಕೂ ಸರಿಯಾಗಿ ಕೂರುವುದಿಲ್ಲ, ಕೈಶಿಕಿ ನಿಷಾದಕ್ಕಿಂತ ಸ್ವಲ್ಪ ಕೆಳಗೇ ಉಳಿಯುತ್ತದೆ.

ಈಗ ಜಾಗದ ಮಾತು. ಕಂಪನಕ್ಕೆ ಶಕ್ತಿ ಸೇರಬೇಕಾದರೆ ಬಲ ಕೊಟ್ಟ ಜಾಗ ಚಲಿಸಬೇಕು. ಬಾಗಿಲನ್ನು ತಿರುಗಣಿಯ ಪಕ್ಕದಲ್ಲಿ ಎಷ್ಟು ನೂಕಿದರೂ ತೆರೆಯುವುದು ಕಷ್ಟ. ನಿಸ್ಪಂದದ ಮೇಲೆ ಕೊಟ್ಟ ಬಲವೂ ಹಾಗೆಯೇ ದಂಡ. ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ 2, 4, 6ನೆಯ ಹಾರ್ಮೋನಿಕ್‌ಗಳಿಗೆ ಅದು ನಿಸ್ಪಂದ, ಅವು ಹುಟ್ಟುವುದಿಲ್ಲ. ಐದನೇ ಒಂದು ಭಾಗದಲ್ಲಿ ಮೀಟಿದರೆ 5, 10, 15 ಮಾಯ. ಮೀಟಿದ ಜಾಗದಲ್ಲಿ ನಿಸ್ಪಂದವಿರುವ ಹಾರ್ಮೋನಿಕ್ ಆ ನಾದದಲ್ಲಿ ಇರದು ಎಂಬುದನ್ನು ವಿಜ್ಞಾನಿ ಥಾಮಸ್ ಯಂಗ್ ಅವರ ಹೆಸರಿನ ನಿಯಮ ಎನ್ನುತ್ತಾರೆ. ಕುದುರೆಯ, ಅಂದರೆ ಒಡಲಿನ ಮೇಲೆ ತಂತಿಯನ್ನು ಹೊತ್ತ ಪಟ್ಟಿಯ, ಹತ್ತಿರ ಮೀಟಿದಾಗ ನಾದ ಚುರುಕಾಗಿ, ನಡುವೆ ಮೀಟಿದಾಗ ಮೆತ್ತಗೆ ಕೇಳುವುದಕ್ಕೂ ಇದೇ ಕಾರಣ. ತುದಿಗೆ ತೀರಾ ಹತ್ತಿರದ ಬಿಂದು ಕೆಳಗಿನ ಹತ್ತಾರು ಹಾರ್ಮೋನಿಕ್‌ಗಳಲ್ಲಿ ಯಾವುದಕ್ಕೂ ನಿಸ್ಪಂದವಲ್ಲ.

ಗಿಟಾರಿನಲ್ಲಿ ಮಾಡಿ ನೋಡಬಹುದಾದ ಎರಡು ಪರೀಕ್ಷೆ

ಮೊದಲನೆಯದಕ್ಕೆ ಒಂದು ತಂತಿ ಸಾಕು. ಸಾಮಾನ್ಯ ಗಿಟಾರಿನ ತಂತಿ ಸುಮಾರು 65 ಸೆಂ.ಮೀ. ಇರುತ್ತದೆ, ನಿಮ್ಮದನ್ನು ಟೇಪಿನಿಂದ ಅಳೆದುಕೊಳ್ಳಿ. ಕುದುರೆಯಿಂದ 32.5, 21.7, 16.3, 13 ಸೆಂ.ಮೀ. ದೂರದಲ್ಲಿ ಗುರುತು ಹಾಕಿ. ಎಡಗೈ ಬೆರಳಿನ ತುದಿಯನ್ನು ಗುರುತಿನ ಮೇಲೆ ತಾಗಿಯೂ ತಾಗದ ಹಾಗೆ ಇಡಿ, ತಂತಿಯನ್ನು ಮನೆಗೆ (ಫ್ರೆಟ್ಟಿಗೆ) ಒತ್ತಬೇಡಿ. ಬಲಗೈಯಲ್ಲಿ ಕುದುರೆಯಿಂದ ನಾಲ್ಕೈದು ಸೆಂ.ಮೀ. ಹತ್ತಿರ ಮೀಟಿ, ಮೀಟಿದ ತಕ್ಷಣ ಎಡಬೆರಳು ತೆಗೆಯಿರಿ. ಮುಟ್ಟಿದ ಜಾಗದಲ್ಲಿ ಅಲುಗಬೇಕಾದ ಕಂಪನಗಳೆಲ್ಲ ಬೆರಳಿಗೆ ಸಿಕ್ಕಿ ಸಾಯುತ್ತವೆ. ಅಲ್ಲಿ ನಿಸ್ಪಂದವಿರುವವು ಮಾತ್ರ ಬೆರಳಿನ ಕೆಳಗೇ ನುಸುಳಿ ಉಳಿಯುತ್ತವೆ. ಹೀಗಾಗಿ ಮೊದಲ ಗುರುತಿನಲ್ಲಿ ತಾರ ಷಡ್ಜ, ಎರಡನೆಯದರಲ್ಲಿ ಅದರ ಮೇಲಿನ ಪಂಚಮ, ಮೂರನೆಯದರಲ್ಲಿ ಎರಡು ಸ್ಥಾಯಿ ಮೇಲಿನ ಷಡ್ಜ, ನಾಲ್ಕನೆಯದರಲ್ಲಿ ಅದರಾಚೆಯ ಗಾಂಧಾರ.

ನಾದ ಬರಲಿಲ್ಲವೆಂದರೆ ಸಾಮಾನ್ಯವಾಗಿ ತಪ್ಪು ಮೂರರಲ್ಲಿ ಒಂದು ಕಡೆ. ಬೆರಳನ್ನು ತಡವಾಗಿ ತೆಗೆದಿರುತ್ತೀರಿ. ನಿಸ್ಪಂದ ಒಂದು ಬಿಂದು, ಬೆರಳು ಒಂದು ಸೆಂ.ಮೀ. ಅಗಲ, ಹೆಚ್ಚು ಹೊತ್ತು ಇಟ್ಟರೆ ಬೇಕಾದ ಕಂಪನವನ್ನೂ ನುಂಗುತ್ತದೆ. ಇಲ್ಲವೇ ಮೀಟಿದ ಜಾಗವೇ ಅದೇ ಹಾರ್ಮೋನಿಕ್‌ನ ಇನ್ನೊಂದು ನಿಸ್ಪಂದವಾಗಿರುತ್ತದೆ: 26 ಸೆಂ.ಮೀ.ಗೆ ಮುಟ್ಟಿ 13ಕ್ಕೆ ಮೀಟಿದರೆ ಐದನೆಯ ಹಾರ್ಮೋನಿಕ್ ಎಂದೂ ಏಳದು. ಮೂರನೆಯದು ತಂತಿಯದೇ ದೋಷ. ತುಕ್ಕು ಹಿಡಿದ, ಬೆವರಿನ ಕೊಳೆ ಕೂತ, ಬಾಗಿದ ತಂತಿಯಲ್ಲಿ ತೂಕ ಎಲ್ಲ ಕಡೆ ಒಂದೇ ಇರದು. ಆಗ ನಿಸ್ಪಂದಗಳು ಲೆಕ್ಕದ ಜಾಗ ಬಿಟ್ಟು ಸರಿಯುತ್ತವೆ, ಹಾರ್ಮೋನಿಕ್‌ಗಳು ಪೂರ್ಣಾಂಕದ ಅನುಪಾತ ಕಳೆದುಕೊಳ್ಳುತ್ತವೆ. ಎಷ್ಟು ಬಿರಡೆ ತಿರುಗಿಸಿದರೂ ಶ್ರುತಿ ಸೇರದ ತಂತಿಯ ಕಾಯಿಲೆ ಬಹುಪಾಲು ಇದೇ, ಬದಲಿಸುವುದೊಂದೇ ಮದ್ದು.

ಎರಡನೆಯ ಪರೀಕ್ಷೆಯಲ್ಲಿ ಅನುನಾದ ಕಣ್ಣಿಗೇ ಕಾಣುತ್ತದೆ. ಆರನೆಯ ತಂತಿಯನ್ನು ಇ ಇಂದ ಡಿಗೆ, ಅಂದರೆ 73.4 ಹರ್ಟ್ಸ್‌ಗೆ ಇಳಿಸಿ. ನಾಲ್ಕನೆಯ ತಂತಿ 146.8ರಲ್ಲಿ ಇದ್ದೇ ಇದೆ. 3 ಮಿ.ಮೀ. ಅಗಲ, 15 ಮಿ.ಮೀ. ಉದ್ದದ ಕಾಗದದ ಚೂರುಗಳನ್ನು ಮಡಚಿ ಆರನೆಯ ತಂತಿಯ ಮೇಲೆ ಕೂರಿಸಿ: ಒಂದು ನಟ್ಟನಡುವೆ, ಇನ್ನೊಂದು ಕುದುರೆಯಿಂದ ಕಾಲು ಭಾಗದಲ್ಲಿ. ನಾಲ್ಕನೆಯ ತಂತಿಯನ್ನು ಗಟ್ಟಿಯಾಗಿ ಮೀಟಿ. ಕಾಲು ಭಾಗದ ಕಾಗದ ಹಾರಿಬೀಳುತ್ತದೆ, ನಡುವಿನದು ಕೂತೇ ಇರುತ್ತದೆ. ಆರನೆಯ ತಂತಿ ತನ್ನ ಮೂಲ ಆವೃತ್ತಿಯಲ್ಲಿ ಅಲ್ಲ, ಎರಡನೆಯ ಹಾರ್ಮೋನಿಕ್‌ನಲ್ಲಿ ಓಗೊಟ್ಟಿದೆ. ಆ ಹಾರ್ಮೋನಿಕ್‌ಗೆ ನಡುಬಿಂದು ನಿಸ್ಪಂದ. ಆಕ್ಸ್‌ಫರ್ಡಿನಲ್ಲಿ ನಡೆದ ಇಂಥದೇ ಪ್ರಯೋಗವನ್ನು ಗಣಿತಜ್ಞ ಜಾನ್ ವಾಲಿಸ್ 1677ರಲ್ಲಿ ವರದಿ ಮಾಡಿದ್ದರು.

ಕಾಗದ ಅಲುಗದಿದ್ದರೆ ಶ್ರುತಿಯನ್ನು ಮತ್ತೆ ನೋಡಿ. ಅನುನಾದ ಎಷ್ಟು ಕಟ್ಟುನಿಟ್ಟು ಎಂಬುದು ಕಂಪನ ಎಷ್ಟು ಹೊತ್ತು ಉಳಿಯುತ್ತದೆ ಎನ್ನುವುದರ ಮೇಲೆ ನಿಂತಿದೆ. ಒಂದು ಸೆಕೆಂಡಿನಲ್ಲಿ ಕಂಪನದ ವಿಸ್ತಾರ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುವ ತಂತಿಗೆ ಅನುನಾದದ ಅಗಲ ಸುಮಾರು 0.3 ಹರ್ಟ್ಸ್ ಮಾತ್ರ. ಎರಡು ಹರ್ಟ್ಸ್ ತಪ್ಪಿದ್ದರೆ ಪಕ್ಕದ ತಂತಿಗೆ ಅದು ಬೇರೆಯೇ ಸ್ವರ. ಅದೇ ಕಂಪನ 0.03 ಸೆಕೆಂಡಿನಲ್ಲೇ ಸೊರಗುವ ಮರದ ಒಡಲಿನಲ್ಲಿ ಈ ಅಗಲ ಹತ್ತು ಹರ್ಟ್ಸ್ ಆಗುತ್ತದೆ. ವಾದ್ಯದ ಒಡಲಿಗೆ ಈ ಉದಾರತೆ ಬೇಕು, ಎಲ್ಲ ಸ್ವರಕ್ಕೂ ಅದು ಓಗೊಡಬೇಕಲ್ಲ. ಒಡಲಿನ ಒಂದು ಅನುನಾದ ಅತಿ ಚೂಪಾಗಿ ಎದ್ದು ನಿಂತರೆ, ಪಿಟೀಲಿನಲ್ಲಿ ಆ ಒಂದು ಸ್ವರ ಮಾತ್ರ ಕಮಾನಿಗೆ ಹಿಡಿತ ಕೊಡದೆ ನಡುಗತೊಡಗುತ್ತದೆ.

ತಂಬೂರಿ ನಿಯಮ ಮೀರುವ ಬಗೆ

ಯಂಗ್ ನಿಯಮವನ್ನು ಗಿಟಾರಿನಲ್ಲಿ ಹೀಗೂ ಪರೀಕ್ಷಿಸಬಹುದು: ನಡುವೆ ಮೀಟಿ, ಅದೇ ಬಿಂದುವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಸಮಸಂಖ್ಯೆಯ ಹಾರ್ಮೋನಿಕ್‌ಗಳು ಹುಟ್ಟಿಲ್ಲ, ಬೆಸಸಂಖ್ಯೆಯವು ಬೆರಳಿಗೆ ಸಿಕ್ಕಿ ಸತ್ತವು, ಆದ್ದರಿಂದ ತಂತಿ ಬಹುತೇಕ ಮೌನವಾಗುತ್ತದೆ. ಇದನ್ನೇ ಜೀವಾಳದ ದಾರ (ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸುವ ಎಳೆ) ಸರಿಯಾಗಿ ಕೂತ ತಂಬೂರಿಯಲ್ಲಿ ಮಾಡಿದರೆ ಮೇಲಿನ ಷಡ್ಜ ಗಟ್ಟಿಯಾಗಿ ಮೊಳಗುತ್ತಲೇ ಇರುತ್ತದೆ. ಇರಬಾರದ ಹಾರ್ಮೋನಿಕ್ ಎಲ್ಲಿಂದ ಬಂತು?

ಸಿ.ವಿ. ರಾಮನ್ 1921ರಲ್ಲಿ, ಕಲ್ಕತ್ತೆಯಲ್ಲಿದ್ದಾಗ, ತಂಬೂರಿ ಮತ್ತು ವೀಣೆಗಳ ಈ ಗುಣವನ್ನು ಗುರುತಿಸಿ ಕಾರಣವನ್ನು ಕುದುರೆಯಲ್ಲಿ ಹುಡುಕಿದರು. ಗಿಟಾರಿನ ತಂತಿ ಒಂದು ಚೂಪಾದ ಅಂಚಿನಲ್ಲಿ ಮುಗಿಯುತ್ತದೆ. ತಂಬೂರಿಯ ಕುದುರೆಯ ಮೇಲ್ಮೈ ಅಗಲ, ನಯವಾದ ಉಬ್ಬು. ತಂತಿ ಕೆಳಗಿಳಿದಾಗ ಆ ಉಬ್ಬಿಗೆ ಅಷ್ಟಷ್ಟೇ ಅಂಟುತ್ತಾ, ಮೇಲೆದ್ದಾಗ ಬಿಡುತ್ತಾ ಹೋಗುತ್ತದೆ. ಹಾಗಾಗಿ ತುದಿ ಒಂದೇ ಕಡೆ ನಿಲ್ಲುವುದಿಲ್ಲ, ಪ್ರತಿ ಆವರ್ತದಲ್ಲೂ ಕುದುರೆ ತಂತಿಗೆ ಚಿಕ್ಕ ಚಿಕ್ಕ ಪೆಟ್ಟು ಕೊಟ್ಟಂತಾಗುತ್ತದೆ. ಈ ಪೆಟ್ಟು ಬೀಳುವುದು ತುದಿಯ ಪಕ್ಕದಲ್ಲಿ, ಅಲ್ಲಿ ಕೆಳಗಿನ ಯಾವ ಹಾರ್ಮೋನಿಕ್‌ಗೂ ನಿಸ್ಪಂದವಿಲ್ಲ. ಮೂಲ ಕಂಪನದ ಶಕ್ತಿ ಹೀಗೆ ಕ್ಷಣಕ್ಷಣಕ್ಕೂ ಮೇಲಿನ ಹಾರ್ಮೋನಿಕ್‌ಗಳಿಗೆ ಹರಿಯುತ್ತದೆ. ನಿಯಮ ಸುಳ್ಳಾಗಲಿಲ್ಲ, ಎರಡೂ ತುದಿ ಗಟ್ಟಿಯಾಗಿ ನಿಂತಿರಬೇಕು ಎಂಬ ಅದರ ಷರತ್ತನ್ನು ಈ ಕುದುರೆ ಪಾಲಿಸುವುದಿಲ್ಲ, ಅಷ್ಟೇ.

ಜೀವ ಕೂರಿಸುವಾಗ ಆಗುವುದೂ ಇದೇ. ಒಂದೇ ಎಳೆಯ ಹತ್ತಿ ದಾರವನ್ನು ತಂತಿಯಡಿ ಸಿಕ್ಕಿಸಿ, ಒಂದು ಕೈಯಲ್ಲಿ ಮೀಟುತ್ತಾ ಇನ್ನೊಂದು ಕೈಯಲ್ಲಿ ದಾರವನ್ನು ಕುದುರೆಯ ಒಂದು ಅಂಚಿನಿಂದ ಇನ್ನೊಂದರತ್ತ ಮಿಲಿಮೀಟರ್ ಲೆಕ್ಕದಲ್ಲಿ ಸರಿಸಬೇಕು. ತಂತಿ ಉಬ್ಬಿಗೆ ತಾಗಿಯೂ ತಾಗದ ಎತ್ತರ ಸಿಕ್ಕ ಕ್ಷಣ ನಾದ ಅರಳುತ್ತದೆ. ದಾರ ದಪ್ಪವಾದರೆ ತಂತಿ ಉಬ್ಬಿಗೆ ಮುಟ್ಟುವುದೇ ಇಲ್ಲ, ನಾದ ಬೋಳು. ತೀರಾ ತೆಳ್ಳಗಿದ್ದರೆ ಗರಗರ ಎಂದು ಬೇಗ ಸಾಯುತ್ತದೆ. ದಾರ ಸರಿಸಿದ ಮೇಲೆ ಶ್ರುತಿ ಕೊಂಚ ಅಲುಗಿರುತ್ತದೆ, ತಂತಿಗೆ ಪೋಣಿಸಿದ ಶ್ರುತಿಯ ಮಣಿ ಸರಿಸಿ ಮತ್ತೆ ಕೂಡಿಸಲೇಬೇಕು.

ಮೃದಂಗದ ಕರಣೆ ನಡುವೆಯೇ ಏಕೆ

ರಾಮನ್ 1933ರಲ್ಲಿ ಬೆಂಗಳೂರಿಗೆ, ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಮರುವರ್ಷ ಇಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ನಮ್ಮ ಚರ್ಮವಾದ್ಯಗಳ ಬಗ್ಗೆ ಅವರ ಪ್ರಬಂಧವಿದೆ. ಈ ನಗರದ ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಚರ್ಮದ ಕಷ್ಟ ತಂತಿಗಿಂತ ದೊಡ್ಡದು. ಎಲ್ಲೆಡೆ ಒಂದೇ ದಪ್ಪದ ಬಿಗಿದ ಚರ್ಮದ ಸಹಜ ಆವೃತ್ತಿಗಳು 1, 1.59, 2.14, 2.30, 2.65 ಎಂಬ ಅನುಪಾತದಲ್ಲಿರುತ್ತವೆ. ಪೂರ್ಣಾಂಕಗಳಿಲ್ಲ, ಆದ್ದರಿಂದ ಸ್ವರವಿಲ್ಲ, ಬರೀ ಸದ್ದು. ಇಲ್ಲಿ ನಿಸ್ಪಂದಗಳು ಬಿಂದುಗಳಲ್ಲ, ಗೆರೆಗಳು: ಕೆಲವು ವ್ಯಾಸದುದ್ದಕ್ಕೂ, ಕೆಲವು ವೃತ್ತಾಕಾರದಲ್ಲಿ. ಮೊದಲ ಕಂಪನದಲ್ಲಿ ಇಡೀ ಚರ್ಮ ಒಟ್ಟಿಗೆ ಮೇಲೆ ಕೆಳಗೆ ಆಡುತ್ತದೆ, ನಡುವೆ ಪ್ರಸ್ಪಂದ. ಎರಡನೆಯದರಲ್ಲಿ ಒಂದು ವ್ಯಾಸ ನಿಶ್ಚಲ, ಅದರ ಎರಡು ಪಕ್ಕಗಳು ವಿರುದ್ಧವಾಗಿ ಆಡುತ್ತವೆ, ಅಂದರೆ ನಡುಬಿಂದು ನಿಸ್ಪಂದ. ಈಗ ನಡುವೆ ತೂಕ ಹೇರಿದರೆ? ಪ್ರಸ್ಪಂದದ ಮೇಲಿನ ತೂಕ ಕಂಪನವನ್ನು ನಿಧಾನಿಸುತ್ತದೆ, ನಿಸ್ಪಂದದ ಮೇಲಿನ ತೂಕಕ್ಕೆ ಕೆಲಸವಿಲ್ಲ. ಮೊದಲನೆಯದು ಹೆಚ್ಚು ಇಳಿಯುತ್ತದೆ, ಎರಡನೆಯದು ಕಡಿಮೆ. 1.59ರ ಅನುಪಾತ ಹಿಗ್ಗಿ 2ಕ್ಕೆ ಬರುತ್ತದೆ. ಮೃದಂಗದ ಬಲಮುಖದ ನಡುವಿನ ಕಪ್ಪು ಲೇಪ, ಅಂದರೆ ಕರಣೆ, ಮಾಡುವ ಕೆಲಸವೇ ಇದು. ರಾಮನ್ ಚರ್ಮದ ಮೇಲೆ ನುಣ್ಣನೆಯ ಮರಳು ಉದುರಿಸಿ, ಅದು ನಿಸ್ಪಂದ ಗೆರೆಗಳಲ್ಲಿ ಗುಡ್ಡೆಗೂಡುವುದನ್ನು ನೋಡಿ, ಒಂಬತ್ತು ಬಗೆಯ ಕಂಪನಗಳು ಐದು ಹಾರ್ಮೋನಿಕ್‌ಗಳಲ್ಲಿ ಗುಂಪುಗೂಡುತ್ತವೆ ಎಂದು ತೋರಿಸಿದರು.

ಕಬ್ಬಿಣಾಂಶದ ಕಲ್ಲಿನ ಪುಡಿ ಮತ್ತು ಅನ್ನ ಕಲಸಿದ ಈ ಲೇಪವನ್ನು ಒಂದೇ ಸಲ ಮೆತ್ತುವುದಿಲ್ಲ. ತೆಳು ಪದರ ಹಚ್ಚಿ, ನಯವಾದ ಕಲ್ಲಿನಿಂದ ಉಜ್ಜಿ, ಒಣಗಿದ ಮೇಲೆ ಮುಂದಿನ ಪದರ. ನಡುವೆ ದಪ್ಪ, ಅಂಚಿಗೆ ತೆಳು. ಉಜ್ಜುವಾಗ ಮೂಡುವ ಕೂದಲೆಳೆಯ ಬಿರುಕುಗಳು ದೋಷವಲ್ಲ, ಲೇಪ ಚರ್ಮದ ಜೊತೆ ಬಾಗಲು ಅವು ಬೇಕೇ ಬೇಕು. ಆದರೆ ಕರಣೆ ಒಂದು ಪಕ್ಕದಲ್ಲಿ ಮಾತ್ರ ಉದುರಿದರೆ ತೊಂದರೆ. ವ್ಯಾಸದ ನಿಸ್ಪಂದವಿರುವ ಪ್ರತಿ ಕಂಪನಕ್ಕೂ ಅಡ್ಡವೊಂದು ಉದ್ದವೊಂದು ಎಂಬಂತೆ ಜೋಡಿಯಿದೆ. ತೂಕ ಒಂದು ಕಡೆಗೆ ವಾಲಿದರೆ ಆ ಜೋಡಿಯ ಎರಡು ಆವೃತ್ತಿಗಳು ಬೇರೆಯಾಗಿ, ಬಲಮುಖದ ‘ನಂ’ ಎಂಬ ನುಡಿ ತೂಗಾಡುತ್ತದೆ. ಅಂಚಿನ ಹೆಣಿಗೆಯ ಬಿಗಿ ಸುತ್ತಲೂ ಒಂದೇ ಇರದಿದ್ದರೂ ಇದೇ ಫಲ. ಅದಕ್ಕೇ ಕಲ್ಲು ಹಿಡಿದು ಸುತ್ತಲೂ ಒಂದೊಂದು ಜಾಗದಲ್ಲಿ ನುಡಿಸಿ ನೋಡುತ್ತಾ, ಕಡಿಮೆಯಿದ್ದಲ್ಲಿ ಹೆಣಿಗೆಯನ್ನು ಕೆಳಕ್ಕೆ, ಹೆಚ್ಚಿದ್ದಲ್ಲಿ ಮೇಲಕ್ಕೆ ತಟ್ಟುವುದು.

‘ನಂ’ ನುಡಿಸುವ ರೀತಿಯನ್ನೂ ಗಮನಿಸಿ. ಉಂಗುರ ಬೆರಳು ಕರಣೆಯ ಅಂಚನ್ನು ಹಗುರವಾಗಿ ಮುಟ್ಟಿರುತ್ತದೆ, ತೋರುಬೆರಳು ಅಂಚಿಗೆ ಬಡಿಯುತ್ತದೆ. ಮುಟ್ಟಿದ ಕಡೆ ಅಲುಗಲೇಬೇಕಾದ ಮೊದಲ ಕಂಪನ ಅಡಗುತ್ತದೆ, ಆ ಬೆರಳಿನ ಮೂಲಕ ನಿಸ್ಪಂದ ಗೆರೆ ಹಾಯುವ ಮೇಲಿನ ಕಂಪನಗಳು ಉಳಿಯುತ್ತವೆ. ಗಿಟಾರಿನ ತಂತಿ ಮುಟ್ಟಿದಾಗ ನಡೆದದ್ದೇ ಇದು.

ಕೊಳವೆಯ ಗಾಳಿ, ಕೋಣೆಯ ಗಾಳಿ

ಗಾಳಿಯಲ್ಲಿ ಗೊಂದಲಕ್ಕೊಂದು ಕಾರಣವಿದೆ. ಗಾಳಿಯ ಕಣಗಳು ಅಲುಗದ ಜಾಗದಲ್ಲಿ ಒತ್ತಡದ ಏರಿಳಿತ ಗರಿಷ್ಠ, ಕಣಗಳು ಹೆಚ್ಚು ಅಲುಗುವಲ್ಲಿ ಒತ್ತಡದ ಏರಿಳಿತ ಕನಿಷ್ಠ. ಕಿವಿ, ಮೈಕು ಎರಡೂ ಅಳೆಯುವುದು ಒತ್ತಡವನ್ನು. ‘ನಿಸ್ಪಂದ’ ಎಂದಾಗ ಯಾವುದರ ನಿಸ್ಪಂದ ಎಂದು ಕೇಳಿಕೊಳ್ಳದಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ.

ಒಂದು ಮೀಟರ್ ಉದ್ದದ, 2.5 ಸೆಂ.ಮೀ. ಒಳವ್ಯಾಸದ ಪಿವಿಸಿ ಪೈಪನ್ನು ನೀರು ತುಂಬಿದ ಎತ್ತರದ ಡ್ರಮ್ಮಿನಲ್ಲಿ ನೆಟ್ಟಗೆ ಮುಳುಗಿಸಿ. ಮೇಲಿನ ಬಾಯಿಗೆ ಒಂದೆರಡು ಸೆಂ.ಮೀ. ಅಂತರದಲ್ಲಿ 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಇಲ್ಲವೇ ಅದೇ ಆವೃತ್ತಿ ನುಡಿಸುವ ಫೋನು ಹಿಡಿದು ಪೈಪನ್ನು ಮೆಲ್ಲಗೆ ಎತ್ತುತ್ತಾ ಹೋಗಿ. ಗಾಳಿ 25 ಡಿಗ್ರಿಯಿದ್ದರೆ ನೀರಿನ ಮೇಲಿನ ಉದ್ದ 16.1 ಸೆಂ.ಮೀ. ಬಳಿ ಒಮ್ಮೆ, 49.9ರ ಬಳಿ ಮತ್ತೊಮ್ಮೆ ಸದ್ದು ಉಬ್ಬುತ್ತದೆ. ನೀರಿನ ಕಡೆ ಮುಚ್ಚಿದ ತುದಿಯಾದ್ದರಿಂದ ಬೆಸಸಂಖ್ಯೆಯ ಹಾರ್ಮೋನಿಕ್‌ಗಳು ಮಾತ್ರ ನಿಲ್ಲುತ್ತವೆ. ಕಾಲು ಅಲೆಯುದ್ದ 16.9 ಆಗಬೇಕಿತ್ತು, ತೆರೆದ ಬಾಯಿಯ ಗಾಳಿ ವ್ಯಾಸದ 0.3ರಷ್ಟು ಹೊರಗೂ ಆಡುವುದರಿಂದ ಅಷ್ಟು ಕಡಿಮೆ ಬಂದಿದೆ. ಎರಡು ಉದ್ದಗಳ ವ್ಯತ್ಯಾಸ ತೆಗೆದುಕೊಂಡರೆ ಈ ತಿದ್ದುಪಡಿ ಕಳೆದುಹೋಗುತ್ತದೆ: 33.8 ಸೆಂ.ಮೀ. ಅರ್ಧ ಅಲೆಯುದ್ದ, ಅದನ್ನು 2ರಿಂದಲೂ 512ರಿಂದಲೂ ಗುಣಿಸಿದರೆ ಸೆಕೆಂಡಿಗೆ 346 ಮೀಟರ್. ಅಳತೆಯಲ್ಲಿ ಒಂದು ಮಿ.ಮೀ. ತಪ್ಪಿದರೆ ವೇಗದಲ್ಲಿ ಒಂದು ಮೀಟರ್ ತಪ್ಪುತ್ತದೆ. ಫೋರ್ಕನ್ನು ಮೇಜಿಗೆ ಕುಟ್ಟಬೇಡಿ, ರಬ್ಬರಿಗೆ ತಟ್ಟಿ. ಕುಟ್ಟಿದರೆ ಅದರ ಮೇಲಿನ ಕಂಪನ ಕಿರುಚಿ ಕಿವಿಯನ್ನು ದಾರಿ ತಪ್ಪಿಸುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದ್ದು ಇಲ್ಲಿ ಗಾಳಿ ತೆಳು, ಹಾಗಾಗಿ ಉತ್ತರ ಬೇರೆ ಬರಬೇಕಲ್ಲವೇ ಎಂದು ಕೇಳುವವರಿದ್ದಾರೆ. ಬರುವುದಿಲ್ಲ. ಒತ್ತಡ, ಸಾಂದ್ರತೆ ಒಟ್ಟಿಗೆ ಇಳಿಯುವುದರಿಂದ ವೇಗ ಬದಲಾಗದು. ಬದಲಿಸುವುದು ಉಷ್ಣತೆ, ಡಿಗ್ರಿಗೆ ಸುಮಾರು 0.6 ಮೀಟರ್. ಡಿಸೆಂಬರ್ ಬೆಳಗಿನ 15 ಡಿಗ್ರಿಗೂ ಏಪ್ರಿಲ್ ಮಧ್ಯಾಹ್ನದ 30 ಡಿಗ್ರಿಗೂ ಕೊಳವೆಯ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರಸ್ಥಾನ ಏರುತ್ತದೆ. ಕೊಳಲಿನಲ್ಲಿ ಉಸಿರಿನ ಬಿಸಿ ಇದನ್ನು ಒಂದಿಷ್ಟು ತಗ್ಗಿಸುತ್ತದೆ. ಲೋಹದ ತಂತಿ ಬಿಸಿಯಾದರೆ ಸಡಿಲಗೊಂಡು ಇಳಿಯುತ್ತದೆ. ಬೇಸಿಗೆಯ ಕಚೇರಿಯಲ್ಲಿ ಕೊಳಲೂ ತಂಬೂರಿಯೂ ವಿರುದ್ಧ ದಿಕ್ಕಿಗೆ ಸರಿಯುವುದು ಹೀಗೆ.

ಕೋಣೆಯೂ ಒಂದು ಕೊಳವೆಯೇ, ಎರಡೂ ತುದಿ ಮುಚ್ಚಿದ್ದು. ಫ್ಲ್ಯಾಟಿನ 10×12 ಅಡಿ ಕೋಣೆಯಲ್ಲಿ ಮೊದಲ ಅನುನಾದಗಳು ಸುಮಾರು 57 ಮತ್ತು 47 ಹರ್ಟ್ಸ್. ಸೂರಿನ ಎತ್ತರವೂ 10 ಅಡಿಯಾದರೆ 57ರಲ್ಲಿ ಎರಡು ಅನುನಾದ ಒಂದರ ಮೇಲೊಂದು ಕೂತು ಆ ಮಂದ್ರ ಸ್ವರ ಗವ್ವೆನ್ನುತ್ತದೆ. ಗೋಡೆಗಳಲ್ಲಿ ಒತ್ತಡ ಗರಿಷ್ಠ, ಕೋಣೆಯ ನಡುವೆ ಸೊನ್ನೆ. ಸ್ಪೀಕರನ್ನು ಮೂಲೆಗಿಟ್ಟರೆ ಎಲ್ಲ ಅನುನಾದಗಳಿಗೂ ಶಕ್ತಿ ಸಿಗುತ್ತದೆ. ಕೇಳುವವರು ನಟ್ಟನಡುವೆ ಕೂತರೆ ಮಂದ್ರ ಮಾಯ, ಗೋಡೆಗೆ ಒರಗಿದರೆ ವಿಪರೀತ. ಉದ್ದದ ಸುಮಾರು ಮೂರನೇ ಒಂದು ಭಾಗದ ಆಸುಪಾಸಿನಲ್ಲಿ ಕೂತು ಹತ್ತಿಪ್ಪತ್ತು ಸೆಂ.ಮೀ. ಆಚೀಚೆ ಸರಿದು ನೋಡುವುದು ಒಳ್ಳೆಯದು. ಪರೀಕ್ಷೆಗೆ ವೂಫರ್ ಇರುವ ಸ್ಪೀಕರಿನಲ್ಲಿ 40ರಿಂದ 80 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ನಾದ ಹಾಕಿ ನಡೆದಾಡಿ. ಫೋನಿನ ಸ್ಪೀಕರಿಗೆ ಈ ಆವೃತ್ತಿಗಳು ನಿಲುಕವು.

ಇದಕ್ಕೆ ಗೋಡೆಗೆ ಮೊಟ್ಟೆ ಟ್ರೇ, ಎರಡಿಂಚಿನ ಫೋಮು ಅಂಟಿಸಿ ಹಣ ಕಳೆದುಕೊಳ್ಳುವವರು ಬಹಳ. ಫೋಮು ಶಬ್ದ ಹೀರುವುದು ತನ್ನೊಳಗೆ ಗಾಳಿ ಆಡಿದಾಗ. ಗೋಡೆಯ ಮೇಲೆ ಗಾಳಿ ಆಡುವುದೇ ಇಲ್ಲ, ಅದು ಚಲನೆಯ ನಿಸ್ಪಂದ. 57 ಹರ್ಟ್ಸ್‌ಗೆ ಗಾಳಿ ಹೆಚ್ಚು ಆಡುವ ಜಾಗ ಗೋಡೆಯಿಂದ ಒಂದೂವರೆ ಮೀಟರ್ ದೂರದಲ್ಲಿದೆ. ಎರಡಿಂಚಿನ ಫೋಮು ಸುಮಾರು ಐದುನೂರು ಹರ್ಟ್ಸ್‌ನ ಆಚೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಮಾತಿನ ಮೊನೆ ಸವೆಸುತ್ತದೆ, ಮಂದ್ರದ ಗವ್ವನ್ನು ಹಾಗೇ ಬಿಡುತ್ತದೆ. ಮೂಲೆಗೆ ಅಡ್ಡಲಾಗಿ, ಹಿಂದೆ ಜಾಗ ಬಿಟ್ಟು ನಿಲ್ಲಿಸಿದ ದಪ್ಪ ರಾಕ್‌ವೂಲ್ ಇಲ್ಲವೇ ಹಳೆಯ ಹತ್ತಿ ಹಾಸಿಗೆ ಅದಕ್ಕಿಂತ ಮೇಲು. ದೊಡ್ಡ ಸಭಾಂಗಣಕ್ಕೆ ಈ ಕಾಟವಿಲ್ಲ: 30 ಮೀಟರ್ ಉದ್ದದ ಭವನದ ಮೊದಲ ಅನುನಾದ 6 ಹರ್ಟ್ಸ್‌ನ ಆಸುಪಾಸು, ಕಿವಿಗೆ ಕೇಳದು. ಚೌಡಯ್ಯ ಸ್ಮಾರಕ ಭವನದ ಪಿಟೀಲಿನ ಆಕಾರ ಕಣ್ಣಿಗೆ ಹಬ್ಬ, ಆದರೆ ಪಿಟೀಲಿನ ಒಡಲಿನಂತೆ ಅದು ಸ್ವರಕ್ಕೆ ಓಗೊಡಲಾರದು.

ರಸ್ತೆ ಬದಿಯ ಮನೆಗಳಲ್ಲಿ ಡೀಸೆಲ್ ಬಸ್ಸು ಸಿಗ್ನಲಿನಲ್ಲಿ ನಿಂತಾಗ ಕಿಟಕಿ ಗಾಜು ಗಡಗಡಿಸಿ, ಬಸ್ಸು ಹೊರಟ ಕೂಡಲೇ ಸುಮ್ಮನಾಗುತ್ತದೆ. ಆರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 600 ಸುತ್ತಿನಲ್ಲಿ ನಿಂತು ಓಡುತ್ತಿದ್ದರೆ ಸೆಕೆಂಡಿಗೆ 30 ಬಾರಿ ಇಂಧನ ಸಿಡಿಯುತ್ತದೆ. ಗಾಜಿನ ಸಹಜ ಆವೃತ್ತಿ 30ರ ಬಳಿಯಾಗಲಿ ಅದರ ಹಾರ್ಮೋನಿಕ್‌ಗಳಾದ 60, 90ರ ಬಳಿಯಾಗಲಿ ಇದ್ದರೆ ಓಗೊಡುತ್ತದೆ. ಗಡಗಡಿಸುವಾಗ ಗಾಜಿನ ನಟ್ಟನಡುವೆ ಬೆರಳಿಡಿ. ನಿಂತರೆ ಅದು ಗಾಜಿನ ಮೊದಲ ಕಂಪನ, ನಡುವೆ ಅದಕ್ಕೆ ಪ್ರಸ್ಪಂದ. ಅಲ್ಲಿಗೆ ಒಂದು ಚೂರು ದಪ್ಪ ರಬ್ಬರ್ ಹಾಳೆ ಅಂಟಿಸಿದರೆ ಆವೃತ್ತಿ ಇಳಿದು ಬಸ್ಸಿನ ಹಿಡಿತ ತಪ್ಪುತ್ತದೆ. ಬೆರಳಿಟ್ಟರೂ ನಿಲ್ಲದಿದ್ದರೆ ಕಾಲು ಭಾಗದಲ್ಲಿ ಇಟ್ಟು ನೋಡಿ. ಎಲ್ಲಿಟ್ಟರೂ ನಿಲ್ಲದಿದ್ದರೆ ಸದ್ದು ಗಾಜಿನದಲ್ಲ, ಚೌಕಟ್ಟಿನ ಬೀಡಿಂಗ್ ಸಡಿಲವಾಗಿದೆ, ಸುತ್ತಲೂ ಸಿಲಿಕೋನ್ ತುಂಬಿಸಬೇಕು.